ಸಾಕ್ಷಿ ನೆನೆಯಲಿ

ನಮ್ಮೂರಿನ ಕೊಳದ ಮೆಟ್ಟಿಲ ಮೇಲೆ ಒಂದು ಕಲ್ಲಿದೆ. ಕಲ್ಲಿನಲ್ಲಿ ಒಂದು ಮಾತು ಕೊರೆದಿದೆ. "ಸಾಕ್ಷಿಯನ್ನು ಮೊದಲು ನೆನೆಯಲು ಬಿಡಿ, ಆಮೇಲೆ ಕೇಳಿ." ಯಾವ ಪುಣ್ಯಾತ್ಮ ಕೊರೆಸಿದನೋ, ಯಾವ ಕಾಲದಲ್ಲಿ ಕೊರೆಸಿದನೋ, ಯಾರೂ ಅರಿಯರು. ಆದರೆ ಹಿರಿಯರು ಹಾಕಿದ ಗೆರೆ ದಾಟುವ ಜನ ನಾವಲ್ಲ. ನೆನೆಯಲು ಬಿಡಿ ಎಂದಿದ್ದಾರೆ, ನಾವು ಬಿಡುತ್ತೇವೆ. ಏನನ್ನಾದರೂ ಕಂಡೆ ಎಂದವರನ್ನು ಕರೆತಂದು ಕುತ್ತಿಗೆಯವರೆಗೆ ನೀರಿಗೆ ಇಳಿಸುತ್ತೇವೆ. ಚೆನ್ನಾಗಿ ನೆನೆದರು ಎಂದು ಖಾತ್ರಿಯಾದ ಮೇಲೆ ಕೇಳುತ್ತೇವೆ.

ಹಿಂದೊಮ್ಮೆ ಒಬ್ಬ ಮೇಷ್ಟರು ಆ ಕಲ್ಲನ್ನು ಓದಿ ಜೋರಾಗಿ ನಕ್ಕರಂತೆ. ನೆನೆಯುವುದು ಅಂದರೆ ನೀರಲ್ಲಿ ನೆನೆಯುವುದಲ್ಲ, ಮನಸ್ಸಿನಲ್ಲಿ ನೆನೆಯುವುದು, ಸಾಕ್ಷಿಗೆ ಸ್ವಲ್ಪ ಹೊತ್ತು ಕೊಟ್ಟು ಅವರ ಪಾಡಿಗೆ ನೆನಪು ಮಾಡಿಕೊಳ್ಳಲು ಬಿಡಿ ಎಂದು ಅದರ ಅರ್ಥ ಅಂದರಂತೆ. ಊರು ಅವರ ಮಾತನ್ನು ತಳ್ಳಿಹಾಕಲಿಲ್ಲ, ಅಷ್ಟು ಒರಟರು ನಾವಲ್ಲ. ಅವರನ್ನು ಕೊಳದಲ್ಲಿ ಇಳಿಸಿ ನಿಧಾನವಾಗಿ ವಿಚಾರಿಸಿತು. ಸಂಜೆಯ ಹೊತ್ತಿಗೆ ತಾವು ಹೇಳಿದ್ದು ತಪ್ಪು ಎಂಬುದು ಅವರಿಗೇ ನೆನಪಾಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಇಂಥ ಊರಿನಲ್ಲಿ ಕೊಡೆ ಹಿಡಿದವನನ್ನು ಜನ ಹೇಗೆ ನೋಡುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬರುವಾಗ ನಾವೆಲ್ಲ ಬೀದಿಯಲ್ಲಿ ಧಾರಾಳವಾಗಿ ನೆನೆಯುತ್ತೇವೆ. ನೆನೆಯಲು ಹೆದರುವವನು ಮರೆಸಲು ಏನನ್ನೋ ಇಟ್ಟುಕೊಂಡಿದ್ದಾನೆ ಎಂದೇ ಲೆಕ್ಕ. ಹಾಗಿದ್ದೂ ಊರಾಚೆಯ ಆಲದ ಕೆಳಗೆ ಒಬ್ಬ ಕೊಡೆ ರಿಪೇರಿಯವನು ಇದ್ದ. ಎಲ್ಲಿಂದಲೋ ಬಂದವನು, ಎಡಗಾಲು ಸ್ವಲ್ಪ ಕುಂಟು. ಒಂದೇ ಒಂದು ಕಪ್ಪು ಕೊಡೆಯನ್ನು ಅಂಗಡಿಯ ಬೋರ್ಡಿನ ಹಾಗೆ ಕೊಂಬೆಗೆ ನೇತುಹಾಕಿ ಕೂತಿರುತ್ತಿದ್ದ. ನಾವು ಯಾರೂ ಅವನ ಹತ್ತಿರ ಹೋಗುತ್ತಿರಲಿಲ್ಲ. ಆದರೂ ಅವನ ಹೊಟ್ಟೆ ಹೇಗೋ ನಡೆಯುತ್ತಿತ್ತು, ಅದು ಬೇರೆ ಮಾತು.

ಒಂದು ಮಟಮಟ ಮಧ್ಯಾಹ್ನ ಊರಿನ ಉಗ್ರಾಣಕ್ಕೆ ಬೆಂಕಿ ಬಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಂತೆ ಎಂದು ನಮ್ಮನ್ನು ಆಡಿಕೊಳ್ಳುವ ಹಾಗಿಲ್ಲ, ಕೊಳ ಪಕ್ಕದಲ್ಲೇ ಇತ್ತು. ಆದರೆ ಅದು ನೆನೆಯುವ ನೀರು, ನಂದಿಸುವ ನೀರಲ್ಲ. ಮೈಲಿಗೆ ಮಾಡಬಹುದೋ ಬಾರದೋ ಎಂದು ನಾವು ಚರ್ಚೆ ಮಾಡುತ್ತಿದ್ದಾಗ ಬೆಂಕಿ ತಾನಾಗಿಯೇ ಆರಿತು. ಕಾಳೆಲ್ಲ ಕರಿಯಾಗಿತ್ತು. ಉಗ್ರಾಣದ ಹಿಂದಿನ ಮಣ್ಣಿನ ಗೋಡೆಯಲ್ಲಿ ಯಾರೋ ಕೊರೆದ ದೊಡ್ಡ ಕನ್ನ ಇತ್ತು. ಅದನ್ನು ಎಲ್ಲರೂ ನೋಡಿದೆವು. ಆದರೆ ಮಣ್ಣಿನ ಗೋಡೆಯನ್ನು ನೆನೆಸಿದರೆ ಅದು ಕರಗುತ್ತದೆಯೇ ಹೊರತು ಮಾತಾಡುವುದಿಲ್ಲ. ಹಾಗಾಗಿ ಗೋಡೆಯನ್ನು ಬಿಟ್ಟುಬಿಟ್ಟೆವು.

ಮಾತಾಡಬಲ್ಲವರು ಒಬ್ಬರೇ. ಉಗ್ರಾಣದ ಎದುರಿನ ಮನೆಯ ಹಪ್ಪಳದಮ್ಮ. ಗಂಡ ಸತ್ತ ಮೇಲೆ ಹಪ್ಪಳ ಮಾಡಿ ಬದುಕುತ್ತಿದ್ದ ಹೆಂಗಸು. ಆ ಮಧ್ಯಾಹ್ನ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದವಳು ಕೆಳಗೆ ನೋಡಿದ್ದಳು. ಬಾವಿಕಟ್ಟೆಯಲ್ಲಿ ನಿಂತು ಅಕ್ಕಪಕ್ಕದವರಿಗೆ ಇಷ್ಟೇ ಹೇಳಿದಳು: "ಯಾರೋ ಒಬ್ಬ ಉಗ್ರಾಣದ ಪಕ್ಕದ ಸಂದಿಯಿಂದ ಹೊರಗೆ ಬಂದ. ಕಂಕುಳಲ್ಲಿ ಏನೋ ಉದ್ದಂದು ಇತ್ತು."

ಉದ್ದಂದು. ಅಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಸಂಜೆಯೊಳಗೆ ಕೊಡೆಯವನನ್ನು ಹಿಡಿದು ತಂದು ಕೊಳದ ಆಚೆಯ ಮೂಲೆಯಲ್ಲಿ, ಆರೋಪ ಹೊತ್ತವರ ಮೆಟ್ಟಿಲಲ್ಲಿ, ನೆನೆಯಲು ಹಾಕಿದ್ದಾಯಿತು. ಆರೋಪ ಹೊತ್ತವನು ತೀರ್ಪಿನವರೆಗೂ ಹಗಲೆಲ್ಲ ಅಲ್ಲಿಯೇ ನೆನೆಯುತ್ತಿರಬೇಕು. ತೀರ್ಪು ಅವನ ವಿರುದ್ಧ ಬಂದರೆ ಶಿಕ್ಷೆ ಒಂದೇ. ಒಣಗಿಸುವುದು. ಊರ ಹೊರಗೆ ಒಂದು ಬೋಳು ಬಂಡೆ ಇದೆ. ನೆರಳಿಲ್ಲ, ನೀರಿಲ್ಲ. ಅಲ್ಲಿ ಕಟ್ಟಿ ಬಂದರೆ ಮುಗಿಯಿತು. ಹಾಗೆ ಒಣಗಿದವನನ್ನು ಊರಿನಲ್ಲಿ ಯಾರೂ ನೆನೆಯಬಾರದು, ಅದೂ ಶಿಕ್ಷೆಯ ಒಂದು ಭಾಗ.

ಹಪ್ಪಳದಮ್ಮನಿಗೆ ಇದು ಗೊತ್ತಾದಾಗ ಆಕೆ ಊರ ಯಜಮಾನರ ಮನೆಗೆ ಓಡಿದಳು.

"ಯಜಮಾನ್ರೇ, ನಾನು ಆ ಕೊಡೆಯೋರನ್ನ ಕಂಡೆ ಅಂತ ಎಲ್ಲೂ ಹೇಳಿಲ್ಲ."

"ಹೇಳಿಲ್ಲ ಕಣಮ್ಮ. ಇನ್ನೂ ನೆನೆದೇ ಇಲ್ಲ ನೀನು, ಹೇಗೆ ಹೇಳ್ತೀಯ?" ಅಂದರು ಯಜಮಾನರು. "ಯೋಚನೆ ಮಾಡಬೇಡ. ಎಲ್ಲಾ ಕ್ರಮವಾಗಿ ಆಗುತ್ತೆ."

ಕ್ರಮದ ವಿಷಯದಲ್ಲಿ ನಮ್ಮೂರನ್ನು ಮೀರಿಸುವವರಿಲ್ಲ. ನಮ್ಮಲ್ಲಿ ಸಾಕ್ಷಿಯನ್ನು ಕೇಳುವ ಪಂಡಿತರು ಇಬ್ಬರು. ಒಬ್ಬರು ತಣ್ಣೀರಯ್ಯ, ಇನ್ನೊಬ್ಬರು ಬಿಸಿನೀರಯ್ಯ. ತಣ್ಣೀರಯ್ಯನವರ ಪ್ರಕಾರ ಸಾಕ್ಷಿಯನ್ನು ಕೊಳದ ನೀರಿನಲ್ಲೇ ನೆನೆಸಬೇಕು. ಚಳಿಗೆ ಮನುಷ್ಯ ಕುಗ್ಗುತ್ತಾನೆ, ಕುಗ್ಗಿದಾಗ ಒಳಗಿರುವುದು ಹೊರಗೆ ಬರುತ್ತದೆ. ಬಿಸಿನೀರಯ್ಯನವರ ಪ್ರಕಾರ ಅದು ಕಟುಕರ ವಿದ್ಯೆ. ಪಕ್ಕದ ಕಲ್ಲುತೊಟ್ಟಿಗೆ ಹಂಡೆಯಲ್ಲಿ ಕಾಯಿಸಿದ ನೀರು ತುಂಬಿಸಿ, ಒಳ್ಳೆಯ ಮಾತಾಡುತ್ತ ನೆನೆಸಬೇಕು. ಬೆಚ್ಚಗಾದರೆ ಮನುಷ್ಯ ಅರಳುತ್ತಾನೆ, ಅರಳಿದಾಗ ಒಳಗಿರುವುದು ಹೊರಗೆ ಬರುತ್ತದೆ. ಒಳಗಿಲ್ಲದ್ದೂ ಬರುತ್ತದೆಯೇ ಎಂದು ಇಬ್ಬರೂ ಎಂದೂ ಯೋಚಿಸಿದವರಲ್ಲ. ಅಷ್ಟು ಬಿಡುವು ಅವರಿಗಿರಲಿಲ್ಲ, ಒಬ್ಬರನ್ನೊಬ್ಬರು ಬೈಯುವುದರಲ್ಲೇ ವರ್ಷಗಳು ಕಳೆದಿದ್ದವು.

ಯಜಮಾನರು ವಿದ್ಯೆಯ ಅಭಿಮಾನಿ. ಅವರಿಗೆ ಒಂದು ಉಪಾಯ ಹೊಳೆಯಿತು. ಸಾಕ್ಷಿ ಒಬ್ಬಳೇ, ಘಟನೆ ಒಂದೇ. ಇಬ್ಬರೂ ಅವಳನ್ನೇ ಕೇಳಲಿ, ಯಾರ ವಿಧಾನ ಮೇಲು ಎಂಬುದು ಒಂದೇ ಸಲಕ್ಕೆ ಇತ್ಯರ್ಥವಾಗಲಿ. ಊರೆಲ್ಲ ಹೌದು ಹೌದು ಅಂದಿತು. ಕೊಡೆಯವನ ಪ್ರಾಣ ಏನಾಗುತ್ತದೋ ಎಂಬ ಕುತೂಹಲ ಅಷ್ಟಕ್ಕಷ್ಟೆ. ತಣ್ಣೀರು ಗೆಲ್ಲುತ್ತದೋ ಬಿಸಿನೀರು ಗೆಲ್ಲುತ್ತದೋ ಎಂಬುದಕ್ಕೆ ಮಾತ್ರ ಮನೆಮನೆಯಲ್ಲಿ ಜಗಳ ನಡೆಯಿತು.

ಮೇಲು ಯಾವುದು ಎಂದು ಗೊತ್ತು ಮಾಡುವವನು ತಕ್ಕಡಿಯವನು. ಅವನ ಕೆಲಸ ನ್ಯಾಯವಾದದ್ದು, ಯಾರ ಮುಲಾಜೂ ಅದರಲ್ಲಿಲ್ಲ. ಸಾಕ್ಷಿ ಹೇಳುವವರಿಗೆ ಉಡಲು ಒಂದು ಬಿಳಿಯ ಹತ್ತಿ ಸೀರೆ ಇದೆ. ಉಡುವ ಮೊದಲು ಅದನ್ನು ತೂಗುತ್ತಾನೆ. ಸಾಕ್ಷಿ ಮುಗಿದ ಮೇಲೆ ಮರೆಯಲ್ಲಿ ಬಿಚ್ಚಿಕೊಟ್ಟ ಒದ್ದೆ ಸೀರೆಯನ್ನು ಮತ್ತೆ ತೂಗುತ್ತಾನೆ. ಹೆಚ್ಚಾದ ತೂಕ ಎಷ್ಟೋ ಅಷ್ಟು ನೆನೆದಂತೆ. ನೆನೆದಷ್ಟು ನೆನಪು, ನೆನಪಿನಷ್ಟು ಸತ್ಯ. ಯಾರೋ ಮುದುಕಿ ಒಮ್ಮೆ, "ಅಲ್ಲಪ್ಪಾ, ಹೇಳಿದ್ದು ನಿಜವೋ ಸುಳ್ಳೋ ಅಂತ ನೋಡಲ್ವಾ?" ಎಂದು ಕೇಳಿದ್ದಕ್ಕೆ ಅವನು ನಯವಾಗಿಯೇ ಉತ್ತರ ಕೊಟ್ಟಿದ್ದ. "ನಿಜ ತೂಗೋ ತಕ್ಕಡಿ ಇದ್ರೆ ತಂದ್ಕೊಡಿ ಅಜ್ಜಿ, ತೂಗ್ತೀನಿ. ಸದ್ಯಕ್ಕೆ ಸೀರೆ ತೂಗೋದು ಮಾತ್ರ ಇದೆ." ಇಲ್ಲದ ತಕ್ಕಡಿಗೆ ಕಾಯುವುದಕ್ಕಿಂತ ಇರುವ ತಕ್ಕಡಿಯಲ್ಲಿ ಏನನ್ನಾದರೂ ತೂಗುವುದು ಮೇಲಲ್ಲವೇ.

ಮೊದಲ ಸರದಿ ತಣ್ಣೀರಯ್ಯನವರದು. ಬೆಳಗಿನ ನೀರು, ಹಪ್ಪಳದಮ್ಮ ಕುತ್ತಿಗೆಯವರೆಗೆ ಇಳಿದಳು. ಮೆಟ್ಟಿಲ ತುಂಬ ಜನ. ತಣ್ಣೀರಯ್ಯ ಕೋಲು ಕುಟ್ಟಿ ಕೇಳಿದರು.

"ಕೊಡೆ ಕಪ್ಪೋ, ಬಿಳಿಯೋ?"

"ಕೊಡೆ ಅಂತ ನಾನು ಅನ್ನಲಿಲ್ಲ ಸ್ವಾಮಿ. ಉದ್ದಂದು ಏನೋ ಅಂದೆ."

"ಕೇಳಿದ್ದಕ್ಕೆ ಉತ್ತರ. ಕಪ್ಪೋ, ಬಿಳಿಯೋ?"

"ಅದಕ್ಕೆ ಬಟ್ಟೆ ಸುತ್ತಿತ್ತು ಅನ್ಸುತ್ತೆ. ನಾನು ಆವಾಗ..."

"ಬಟ್ಟೆ. ಕೊಡೆ ಬಟ್ಟೆ. ಬಣ್ಣ ಹೇಳು."

"ಸ್ವಾಮಿ, ಒಂದು ನಿಮಿಷ, ಮೊದಲಿಂದ ಹೇಳ್ತೀನಿ. ನಾನು ಹಿಟ್ಟು..."

"ಹಿಟ್ಟಿನ ಕತೆ ಯಾರಿಗೆ ಬೇಕು? ಇನ್ನೂ ನೆನೆದಿಲ್ಲ ಇವಳು. ನಿಲ್ಲಲಿ."

ನಿಂತಳು. ಬಿಸಿಲು ಮೆಟ್ಟಿಲಿಗೆ ಬಂತು, ನೀರಿಗೆ ಬರಲಿಲ್ಲ. ಆಕೆಯ ಹಲ್ಲು ಕಟಕಟ ಅನ್ನುವುದು ಮೇಲೆ ಕೂತ ನಮಗೂ ಕೇಳುತ್ತಿತ್ತು. ಮತ್ತೆ ಕೋಲು, ಮತ್ತೆ ಅದೇ ಮಾತು. ಕಪ್ಪೋ, ಬಿಳಿಯೋ. ಕಪ್ಪೋ, ಬಿಳಿಯೋ. ಕೊನೆಗೆ ಆಕೆ, "ಕಪ್ಪೇ ಇರಬೇಕು," ಅಂದಳು. "ಇರಬೇಕು ಬೇಡ," ಅಂದರು ತಣ್ಣೀರಯ್ಯ. "ಕಪ್ಪು," ಅಂದಳು. ಜನ ಸಮಾಧಾನದ ಉಸಿರು ಬಿಟ್ಟರು. ಸೀರೆ ತೂಗಿದಾಗ ತೂಕ ಚೆನ್ನಾಗಿ ಬಂದಿತ್ತು.

ಎರಡನೆಯ ಸರದಿ ಬಿಸಿನೀರಯ್ಯನವರದು. ಕಲ್ಲುತೊಟ್ಟಿಯಲ್ಲಿ ಹಬೆಯಾಡುವ ನೀರು, ಅಂಚಿನಲ್ಲಿ ಒಂದು ಲೋಟ ಶುಂಠಿ ಕಷಾಯ. ಅವರು ಕೋಲು ಹಿಡಿಯುವವರಲ್ಲ, ತೊಟ್ಟಿಯ ಪಕ್ಕ ಕೂತು ಮಗಳನ್ನು ಮಾತಾಡಿಸುವ ಹಾಗೆ ಮಾತಾಡಿಸುವವರು.

"ಆ ಮಹಾರಾಯ ಬಹಳ ಗೋಳು ಹೊಯ್ಕೊಂಡ ಅಲ್ವಾ ತಾಯಿ? ಹೋಗ್ಲಿ ಬಿಡಿ. ನಿಮ್ಮಂಥ ಸೂಕ್ಷ್ಮ ಕಣ್ಣಿನೋರು ಊರಲ್ಲಿ ಎಷ್ಟು ಜನ ಇದಾರೆ? ಆ ಕಪ್ಪು ಕೊಡೆ ಅಂದ್ರಲ್ಲ, ಅದರ ಹಿಡಿ ಬಾಗಿತ್ತು ಅಲ್ವಾ?"

"ಇರಬಹುದು."

"ಭೇಷ್. ನನಗೆ ಗೊತ್ತಿತ್ತು ನೀವು ನೋಡಿರ್ತೀರಿ ಅಂತ. ಹಾಗೆ ಹಿಡಿ ಬಾಗಿರೋ ಕೊಡೆ ಹಿಡ್ಕೊಂಡೋನು ಹೇಗೆ ನಡೀತಿದ್ದ? ಒಂದು ಕಾಲು ಎಳೆದ ಹಾಗೆ?"

"ಸ್ವಲ್ಪ... ಹಾಗೆ ಇತ್ತೇನೋ."

"ಇತ್ತೇನೋ ಅಲ್ಲ ತಾಯಿ, ಇತ್ತು. ಎಷ್ಟು ಚೆನ್ನಾಗಿ ನೆನಪಿಟ್ಟಿದೀರಿ. ಕಷಾಯ ಕುಡೀರಿ."

ಒಂದೊಂದು ಉತ್ತರಕ್ಕೂ ಒಂದೊಂದು ಭೇಷ್, ಒಂದೊಂದು ಭೇಷ್‌ಗೂ ಒಂದು ಗುಟುಕು ಕಷಾಯ. ಅಷ್ಟು ಜನ ತನ್ನ ಮಾತಿಗೆ ತಲೆದೂಗುವುದನ್ನು ಆಕೆ ಹಿಂದೆಂದೂ ಕಂಡವಳಲ್ಲ. ತಣ್ಣೀರಿನಲ್ಲಿ ಹೆದರಿ ಹೇಳಿದ್ದ ಕೊಡೆ ಬಿಸಿನೀರಿನಲ್ಲಿ ತಾನಾಗಿಯೇ ಬಿಚ್ಚಿಕೊಂಡಿತು. ಅದರ ಬಟ್ಟೆಗೆ ತೇಪೆ ಬಂತು, ಅದರ ಕಡ್ಡಿ ಒಂದು ಮುರಿಯಿತು. ಸೀರೆಯ ತೂಕ ಮಾತ್ರ ತಣ್ಣೀರಿನ ತೂಕಕ್ಕೆ ಸರಿಸಮ ಬಂದು ಊರಿಗೆ ನಿರಾಸೆಯಾಯಿತು.

ಆ ಸಂಜೆ ಹಪ್ಪಳದಮ್ಮ ಮಾಳಿಗೆ ಹತ್ತಿ ಸಂದಿಯ ಕಡೆ ನೋಡುತ್ತ ನಿಂತಿದ್ದಳು. ಪಕ್ಕದ ಮನೆಯವಳು ಏನಾಯಿತು ಎಂದು ಕೇಳಿದಳು.

"ಮೊದ್ಲು ಕಣ್ಣು ಮುಚ್ಚಿದ್ರೆ ಯಾರೋ ಒಬ್ಬ ಕಾಣೋನು ಕಣೇ. ಈಗ ಕೊಡೆ ಕಾಣುತ್ತೆ. ನಾನೇ ಇಟ್ಟ ಕೊಡೆ ಅಂತ ಗೊತ್ತು. ಆದ್ರೂ ಅದೇ ಕಾಣುತ್ತೆ. ನಾಳೆ ಹೊತ್ತಿಗೆ ನಾನಿಟ್ಟಿದ್ದು ಅನ್ನೋದೂ ಮರೆತುಹೋದ್ರೆ ಆ ಕೊಡೆಯೋರ ಗತಿ ಏನು?"

ಆಕೆಗೆ ಭಯವಾಗಿತ್ತು. ಹೇಳಿಕೊಳ್ಳುವುದಾದರೆ, ನಮ್ಮೂರಿನಲ್ಲಿ ಆ ಹೊತ್ತು ಭಯಪಡುವಷ್ಟು ಬುದ್ಧಿ ಇದ್ದದ್ದು ಆಕೆಗೊಬ್ಬಳಿಗೇ.

ತೂಕ ಸಮ ಬಂದದ್ದರಿಂದ ಪಂಡಿತರ ಜಗಳ ತಾರಕಕ್ಕೇರಿತು. "ನಿನ್ನ ನೀರಲ್ಲಿ ಅಂಥದ್ದೇನಿದೆ, ನಾನೇ ಇಳಿದು ನೋಡ್ತೀನಿ," ಎಂದು ತಣ್ಣೀರಯ್ಯ ಕಾದ ತೊಟ್ಟಿಗೆ ಹಾರಿದರು. "ನಿನ್ನದರಲ್ಲೇನಿದೆ, ನಾನೂ ನೋಡ್ತೀನಿ," ಎಂದು ಬಿಸಿನೀರಯ್ಯ ಕೊಳಕ್ಕೆ ಹಾರಿದರು. ಇಬ್ಬರೂ ಹಟಮಾರಿಗಳು, ಹೊತ್ತು ಮುಳುಗುವವರೆಗೂ ಮೇಲೆ ಬರಲಿಲ್ಲ. ಅಭ್ಯಾಸವಿಲ್ಲದ ನೀರು. ಮರುದಿನ ಇಬ್ಬರಿಗೂ ಮೂಗು ಕಟ್ಟಿ, ಗಂಟಲು ಕೂತು, ಒಂದಕ್ಷರ ಹೊರಡಲಿಲ್ಲ.

ಗೆದ್ದವರು ಯಾರೆಂದು ತೀರಿಸಲು ಆ ದಿನವೇ ಇನ್ನೊಂದು, ಕೊನೆಯ ಸರದಿ ಎಂದು ಯಜಮಾನರು ಡಂಗುರ ಹೊಡೆಸಿಬಿಟ್ಟಿದ್ದರು. ಡಂಗುರ ಹೊಡೆಸಿದ್ದನ್ನು ನಾವು ತಿರುಗಿಸುವುದಿಲ್ಲ. ಪಂಡಿತರಿಬ್ಬರೂ ತಲೆಗೆ ಮಫ್ಲರ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಬಂದು ಕೂತರು. ಹಪ್ಪಳದಮ್ಮ ಬಿಳಿ ಸೀರೆ ಉಟ್ಟು ನೀರಿನ ಅಂಚಿಗೆ ಬಂದು ನಿಂತಳು. ಕೇಳುವವರು "ಇಳಿ" ಅನ್ನದೆ ಇಳಿಯುವ ಹಾಗಿಲ್ಲ. ಅನ್ನಲು ಅವರಿಗೆ ದನಿಯಿಲ್ಲ. ಆಕೆ ಕಾದಳು. ಜನ ಕಾದರು. ತಣ್ಣೀರಯ್ಯ ಬಾಯಿ ತೆರೆದು ಮುಚ್ಚಿದರು. ಬಿಸಿನೀರಯ್ಯ ಸೀನಿದರು. ಆಕೆ ಕೊನೆಗೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಯಾರೂ ಏನೂ ಕೇಳಲಿಲ್ಲ. ನಮ್ಮೂರಿನಲ್ಲಿ ಅಷ್ಟು ಹೊತ್ತು ಯಾರೂ ಏನೂ ಕೇಳದೆ ಇದ್ದದ್ದು ಅದೇ ಮೊದಲು. ಆ ಮೌನ ಎಷ್ಟು ಹೊತ್ತು ಬೆಳೆಯಿತೆಂದರೆ ಹಪ್ಪಳದಮ್ಮ ಕಣ್ಣು ಮುಚ್ಚಿ, ಯಾರಿಗೆ ಎಂದಿಲ್ಲದೆ, ತನ್ನ ಪಾಡಿಗೆ ತಾನು ಮಾತಾಡತೊಡಗಿದಳು.

"ಅವತ್ತು ಹಿಟ್ಟು ಸ್ವಲ್ಪ ಗಟ್ಟಿಯಾಗಿತ್ತು. ಇಂಗು ಜಾಸ್ತಿ ಬಿದ್ದಿತ್ತು, ಕೈಯೆಲ್ಲಾ ಇಂಗಿನ ವಾಸನೆ. ಮಾಳಿಗೆ ಮೇಲೆ ಹಳೇ ಪಂಚೆ ಹಾಸಿ ಹಪ್ಪಳ ಹರವಿದ್ದೆ. ಕಾಲು ಸುಡ್ತಿತ್ತು, ಒಂದೊಂದೇ ಕಾಲಲ್ಲಿ ನಿಲ್ತಿದ್ದೆ. ಗಾಳಿ ಬಂತು. ಅಂಚಲ್ಲಿದ್ದ ಒಂದು ಹಪ್ಪಳ ಹಾರಿ ಕೆಳಗೆ ಸಂದಿ ಹತ್ರ ಬಿತ್ತು. ಅದು ಎಲ್ಲಿ ಬಿತ್ತು ಅಂತ ಬಗ್ಗಿದೆ. ಆವಾಗಲೇ ಅವನು ಬಂದಿದ್ದು."

ಅಲ್ಲಿಗೆ ಮಾತು ನಿಲ್ಲಿಸಿದಳು. ಯಾರಾದರೂ ಮಧ್ಯೆ ಬಾಯಿ ಹಾಕಬೇಕಾದ ಜಾಗ ಅದು. ಯಾರೂ ಹಾಕಲಿಲ್ಲ.

"ನನ್ನ ಹಪ್ಪಳ ತುಳಕೊಂಡು ಹೋದ. ಹಾಳಾದೋನು, ತಿನ್ನೋ ಪದಾರ್ಥ ತುಳಿದ್ನಲ್ಲ ಅಂತ ಕಾಲನ್ನೇ ನೋಡಿದೆ. ಮುಖ ನೋಡಲಿಲ್ಲ. ಕಾಲು ಎರಡೂ ಸರಿಯಾಗಿದ್ವು. ಓಡ್ತಿದ್ದ, ಚೆನ್ನಾಗಿ ಓಡ್ತಿದ್ದ. ಬೈಯೋಣ ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಕಂಕುಳಲ್ಲಿ ಇದ್ದಿದ್ದು ಗೋಡೆ ಮೂಲೆ ಕಲ್ಲಿಗೆ ತಾಗ್ತು. ಟಣ್ ಅಂತು. ಸುತ್ತಿದ್ದ ಬಟ್ಟೆ ಒಂದು ಕಡೆ ಜಾರಿತ್ತು. ಹಾರೆ ಅದು. ನಮ್ಮನೆ ಹಾರೆ ಬಿದ್ರೂ ಹಾಗೇ ಅನ್ನುತ್ತೆ. ಕೊಡೆ ಅಲ್ಲ. ಯಾರು ಅಂತ ಗೊತ್ತಿಲ್ಲ ನನಗೆ. ಮುಖ ಕಾಣಲಿಲ್ಲ."

ಕಣ್ಣು ಬಿಟ್ಟಳು. ಆಕೆಗೇ ಆಶ್ಚರ್ಯವಾಗಿತ್ತು. ಕೊಳದ ಆಚೆಯ ಮೂಲೆಯಲ್ಲಿ, ನೀರಿನಲ್ಲಿ ನಿಂತಿದ್ದ ಕೊಡೆಯವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಿಜ ಹೇಳಬೇಕು, ಆ ಒಂದು ಗಳಿಗೆ ನಮಗೆಲ್ಲ ಇಂಗಿನ ವಾಸನೆ ಬಂದಿತ್ತು. ಹಪ್ಪಳ ತುಳಿದ ಆ ಕಾಲು ನಮ್ಮ ಕಣ್ಣಿಗೂ ಕಂಡಿತ್ತು. ಇದು ನಡೆದದ್ದು ಎಂದು ಕೂತ ಪ್ರತಿಯೊಬ್ಬನಿಗೂ ಗೊತ್ತಾಗಿತ್ತು.

ಆಮೇಲೆ ಹಾರೆಯ ವಿಷಯ ತಲೆಗೆ ಹೋಯಿತು. ಹಾರೆ ಅಂದರೆ ನಮ್ಮೂರಿನ ಪ್ರತಿ ಮನೆಯ ಮೂಲೆಯಲ್ಲೂ ಒಂದಿದೆ. ಕೊಡೆ ಅಂದರೆ ಒಬ್ಬನದು. ಎರಡು ಕಾಲು ಸರಿಯಿರುವವರು ನಾವೆಲ್ಲರೂ. ಕುಂಟುವವನು ಒಬ್ಬನೇ. ಜನ ಅಕ್ಕಪಕ್ಕದವರ ಕಾಲು ನೋಡಿದರು, ತಮ್ಮ ಕಾಲನ್ನು ಮಡಚಿಟ್ಟುಕೊಂಡರು. ಯಜಮಾನರು ಕೆಮ್ಮಿದರು.

"ತೂಗಪ್ಪ," ಅಂದರು.

ತಕ್ಕಡಿಯವನು ಸೀರೆ ತೂಗಿದ. ಒಣಸೀರೆ. ಉಡುವ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಒಂದು ಹನಿ ಕೂಡ ಹೆಚ್ಚಿಲ್ಲ.

"ಏನೂ ಇಲ್ಲ ಯಜಮಾನ್ರೇ. ಶುದ್ಧ ಒಣಮಾತು."

ಎಲ್ಲರ ಎದೆಯ ಮೇಲಿನ ಭಾರ ಇಳಿಯಿತು. ನಾವೇನೂ ಕೆಟ್ಟವರಲ್ಲ, ತಕ್ಕಡಿ ಹೇಳಿದ್ದನ್ನು ಒಪ್ಪಿಕೊಂಡೆವು ಅಷ್ಟೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆಯೇ ಇದೆ. ಪ್ರಮಾಣಿಸಿ ನೋಡಿದೆವು. ಇಷ್ಟು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ, ಇರಲಿ.

ಹಪ್ಪಳದಮ್ಮ ಎದ್ದು ನಿಂತಳು. "ಒಣಮಾತು ಅಂದ್ರೆ ತೂಕ ಇಲ್ಲ, ಅಷ್ಟೇ ತಾನೆ? ಹಾಗಾದ್ರೆ ನಾನೇ ಇಳೀತೀನಿ. ಎಷ್ಟು ಹೊತ್ತು ಬೇಕೋ ಅಷ್ಟು ನೆನೀತೀನಿ. ನೆನೆದು ಇದನ್ನೇ ಹೇಳ್ತೀನಿ. ಆವಾಗ ತೂಗಿ. ಆವಾಗಾದ್ರೂ ಆ ಮನುಷ್ಯನ್ನ ಬಿಡಿ."

"ಬಿಡ್ತೀವಮ್ಮ," ಅಂದರು ಯಜಮಾನರು. "ತೂಕ ಬಂದ್ರೆ ಯಾಕೆ ಬಿಡಲ್ಲ?"

ಮೆಣಸಿನ ಸಾರು ಕುಡಿದು ಪಂಡಿತರ ಗಂಟಲು ಸರಿಯಾಗುವವರೆಗೆ ಕಾದೆವು. ಜಗಳವಾಡಲು ತ್ರಾಣವಿಲ್ಲದ್ದರಿಂದ ಇಬ್ಬರೂ ರಾಜಿಯಾಗಿದ್ದರು. ಈ ಸಲ ಇಬ್ಬರೂ ಕೂಡಿಯೇ ಕೇಳುವುದು, ತಣ್ಣೀರಿನಲ್ಲಿ ಒಂದಷ್ಟು ಹೊತ್ತು, ಬಿಸಿನೀರಿನಲ್ಲಿ ಒಂದಷ್ಟು ಹೊತ್ತು, ಮತ್ತೆ ತಣ್ಣೀರು, ಮತ್ತೆ ಬಿಸಿನೀರು. ಆಕೆ ತುಟಿ ಕಚ್ಚಿ ಇಳಿದಳು.

"ಹಾರೆ," ಅಂದಳು, ಯಾರೂ ಕೇಳುವ ಮೊದಲೇ. "ಹಾರೆ. ಕೊಡೆ ಇರಲಿಲ್ಲ."

"ಹಾರೆ ಕೊಡೆಯ ಎಡಗಡೆ ಇತ್ತೋ, ಬಲಗಡೆ ಇತ್ತೋ?" ಅಂದರು ತಣ್ಣೀರಯ್ಯ.

"ಕೊಡೆ ಇರಲಿಲ್ಲ."

"ಮೊನ್ನೆ ಕಪ್ಪು ಅಂದೆ. ಆವಾಗ ಸುಳ್ಳು ಹೇಳಿದ್ಯಾ, ಈಗ ಹೇಳ್ತಿದೀಯಾ?"

ಎರಡು ದಿನ ಹೀಗೆಯೇ ನಡೆಯಿತು. ಆಕೆ ಗಟ್ಟಿ ಹೆಂಗಸು. ಹಾರೆ, ಹಾರೆ ಎಂದು ಜಪಿಸುತ್ತಲೇ ಇದ್ದಳು. ನೀಲಿಗಟ್ಟಿದ ತುಟಿಯಲ್ಲಿ ಆ ಮಾತು ಸವೆದು ಸವೆದು ಕೊನೆಗೆ ಅದಕ್ಕೆ ಅರ್ಥ ಉಳಿಯಲಿಲ್ಲ. ಆಗ ಬಿಸಿನೀರಯ್ಯ ಆಕೆಯನ್ನು ತೊಟ್ಟಿಗೆ ಇಳಿಸಿಕೊಂಡು, ತಲೆಯ ಮೇಲೆ ಬೆಚ್ಚಗಿನ ನೀರು ಹೊಯ್ಯುತ್ತ ಕೇಳಿದರು.

"ನೀವು ಕೇಳಿದ್ದು ಸುಳ್ಳು ಅಂತ ಯಾರು ಅಂದ್ರು ತಾಯಿ? ಟಣ್ ಅಂದಿದ್ದು ನಿಜ. ನೂರಕ್ಕೆ ನೂರು ನಿಜ. ಕೊಡೆಗೂ ಕಬ್ಬಿಣದ ಕೋಲು ಇರುತ್ತೆ ಅಲ್ವಾ?"

"ಇರುತ್ತೆ."

"ಕಲ್ಲಿಗೆ ತಾಗಿದ್ರೆ ಏನನ್ನುತ್ತೆ?"

ಆಕೆ ಕಣ್ಣು ಮುಚ್ಚಿದಳು. ಬಹಳ ಹೊತ್ತು ಕಿವಿಗೊಟ್ಟು ಕೇಳಿದಳು. "ಟಣ್ ಅನ್ನುತ್ತೆ."

"ಅದನ್ನೇ ನೀವು ಕೇಳಿದ್ದು."

"ಅದನ್ನೇ."

"ಕಾಲು ಕುಂಟೋನು ಪ್ರಾಣಭಯಕ್ಕೆ ಒಂದು ದಿನ ಓಡಬಾರದು ಅಂತ ಇದೆಯಾ?"

"ಇಲ್ಲ," ಅಂದಳು ಹಪ್ಪಳದಮ್ಮ. ಆಮೇಲೆ, ತಾನೇ ಕಂಡುಹಿಡಿದವಳ ಹಾಗೆ, "ಓಡ್ತಿದ್ದ. ಕೊಡೆ ಕಂಕುಳಲ್ಲಿಟ್ಕೊಂಡು ಓಡ್ತಿದ್ದ. ನಾನೇ ನೋಡಿದೆ," ಅಂದಳು. ಅದರಲ್ಲಿ ಸುಳ್ಳಿರಲಿಲ್ಲ. ಆಕೆಗೆ ಈಗ ಕಾಣುತ್ತಿದ್ದದ್ದು ಅದೇ.

ಸೀರೆಯ ತೂಕಕ್ಕೆ ತಕ್ಕಡಿಯ ಹಗ್ಗ ಹರಿಯಿತು. ಊರಿನ ಚರಿತ್ರೆಯಲ್ಲಿ ಅಷ್ಟು ತೂಕದ ಸತ್ಯ ಸಿಕ್ಕಿದ್ದಿಲ್ಲ. ಪಂಡಿತರಿಬ್ಬರಿಗೂ ಒಂದೇ ಶಾಲಿನ ಎರಡು ತುದಿ ಹೊದಿಸಿ ಸನ್ಮಾನ ಮಾಡಿದೆವು. ಪರೀಕ್ಷೆಯ ಫಲವನ್ನು ಯಜಮಾನರು ಸಾರಿದರು. ಎರಡು ವಿಧಾನವೂ ಉತ್ತಮ. ಎರಡನ್ನೂ ಕೂಡಿಸಿ, ಇನ್ನಷ್ಟು ಹೊತ್ತು ಮಾಡಿದರೆ ಅತ್ಯುತ್ತಮ.

ಮರುದಿನ ಬಿಸಿಲೇರಿದ ಮೇಲೆ ಕೊಡೆಯವನನ್ನು ಬಂಡೆಗೆ ಕರೆದೊಯ್ಯುವ ಮೆರವಣಿಗೆ ಹೊರಟಿತು. ನೀರಿನಲ್ಲಿ ನಿಂತು ನಿಂತು ಅವನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು. ಹಪ್ಪಳದಮ್ಮನ ಮನೆಯ ಮುಂದೆ ಬಂದಾಗ ಆಕೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಯಾಕೆ ಅಳುತ್ತಿದ್ದೇನೆ ಎಂದು ಆಕೆಗೆ ತಿಳಿದಿತ್ತು ಎಂದು ನನಗನ್ನಿಸುವುದಿಲ್ಲ. ಕೊಡೆಯವನು ನಿಂತ. ನಾವೂ ನಿಂತೆವು.

"ಅಳಬೇಡಿ ಅಮ್ಮಾ," ಅಂದ. "ನೀವು ಹೇಳಿದ್ದು ಸರಿಯಾಗೇ ಇದೆ. ಮೊದಮೊದಲು ನಾನು ಅಲ್ಲ ಅಲ್ಲ ಅಂತಿದ್ದೆ. ಇಷ್ಟು ದಿನ ನೆನೆದ ಮೇಲೆ ನನಗೂ ಜ್ಞಾಪಕಕ್ಕೆ ಬಂತು. ಕೊಡೆ ಕಂಕುಳಲ್ಲಿಟ್ಕೊಂಡು ಸಂದಿಯಿಂದ ಓಡಿ ಬಂದಿದ್ದು, ಅದು ಕಲ್ಲಿಗೆ ತಾಗಿದ್ದು, ಎಲ್ಲಾ. ಕಾಲ ಕೆಳಗೆ ಹಪ್ಪಳ ಮುರಿದಿದ್ದೂ ಜ್ಞಾಪಕ ಇದೆ. ಅದಕ್ಕೆ ಕ್ಷಮಿಸಬೇಕು."

"ಪರವಾಗಿಲ್ಲ," ಅಂದಳು ಆಕೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

"ಒಂದೇ ಒಂದು ಹೊಳೀತಿಲ್ಲಮ್ಮ. ಯಾಕೆ ಬೆಂಕಿ ಇಟ್ಟೆ ಅಂತ. ಎಷ್ಟು ಯೋಚನೆ ಮಾಡಿದ್ರೂ ಸಿಗ್ತಿಲ್ಲ. ಆ ಬಂಡೆ ಮೇಲೆ ಕೂತು ಅದನ್ನೇ ಯೋಚಿಸ್ತಾ ಸಾಯಬೇಕಲ್ಲ ಅಂತ ಒಂದು ಸಂಕಟ. ನೀವು ಕಣ್ಣಾರೆ ಕಂಡೋರು. ನಿಮಗೇನಾದ್ರೂ ಗೊತ್ತಾ?"

ಹಪ್ಪಳದಮ್ಮ ಅವನ ಮುಖ ನೋಡಿದಳು. ಒಳ್ಳೆಯ ಹೆಂಗಸು, ಕೇಳಿದವನನ್ನು ಬರಿಗೈಯಲ್ಲಿ ಕಳಿಸುವವಳಲ್ಲ. ನಮ್ಮನ್ನೆಲ್ಲ ಒಂದು ಸಲ ನೋಡಿ, ಮತ್ತೆ ಅವನ ಕಡೆ ತಿರುಗಿ, ಮೆಲ್ಲಗೆ ಹೇಳಿದಳು.

"ಇಷ್ಟು ವರ್ಷ ಇದ್ರಿ. ಈ ಊರಲ್ಲಿ ಯಾರೂ ನಿಮ್ಮನ್ನ ಒಂದು ದಿನ ಊಟಕ್ಕೆ ಕರೀಲಿಲ್ಲ. ಆ ಸಂಕಟಕ್ಕೇ ಇಟ್ಟಿರಬೇಕು."

ಅವನು ಯೋಚಿಸಿದ. ತಲೆ ತಗ್ಗಿಸಿಕೊಂಡು, ನಿಧಾನವಾಗಿ, ನಿಜವಾಗಿಯೂ ನೆನೆದ. ಮುಖ ಸಡಿಲವಾಯಿತು.

"ಕರೀಲಿಲ್ಲ ಅಲ್ವಾ," ಅಂದ. "ಹೌದು. ಅದಕ್ಕೇ ಇಟ್ಟಿದ್ದು. ಈಗ ಜ್ಞಾಪಕಕ್ಕೆ ಬಂತು. ದೊಡ್ಡ ಉಪಕಾರ ಆಯ್ತಮ್ಮ."

ಕೈ ಮುಗಿದು, ನಾವು ದಾರಿ ತೋರಿಸುವ ಮೊದಲೇ, ಬಂಡೆಯ ಕಡೆ ಹೊರಟ.